ಸ್ಟರ್ಲಿಂಗ್ ಕೋಟೆಯ ಗ್ರೇಟ್ ಹಾಲ್: ಅಡುಗೆಮನೆಯಿಂದ ರಾಜಪೀಠದವರೆಗೆ ನೋಡುವ ಕ್ರಮ

ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಗೆ ಹೋದವರಲ್ಲಿ ಹೆಚ್ಚಿನವರು ಅಲ್ಲಿನ ಗ್ರೇಟ್ ಹಾಲ್ ಎಂಬ ರಾಜರ ಔತಣಶಾಲೆಯಲ್ಲಿ ಐದು ನಿಮಿಷವೂ ನಿಲ್ಲುವುದಿಲ್ಲ. ಒಳಗೆ ಬಂದು ತಲೆಯೆತ್ತಿ ಮರದ ಚಾವಣಿ ನೋಡುತ್ತಾರೆ, ಸಿಂಹಾಸನದ ಬಳಿ ಫೋಟೋ ತೆಗೆಸಿಕೊಳ್ಳುತ್ತಾರೆ, ಹೊರಡುತ್ತಾರೆ. ಹಾಲ್ ಬಹುಮಟ್ಟಿಗೆ ಖಾಲಿ ಇರುವುದೇ ಇದಕ್ಕೆ ಕಾರಣ. ಗಾಜಿನ ಪೆಟ್ಟಿಗೆಗಳ ಸಾಲು, ಬೆಳ್ಳಿ ತಟ್ಟೆ, ಚಿನ್ನದ ಬಟ್ಟಲು ಇಲ್ಲಿ ಕಾಣುವುದಿಲ್ಲ. ನೋಡಬೇಕಾದ ವಸ್ತು ಕಟ್ಟಡವೇ. ಅದನ್ನು ಊಟ ಸಾಗಿದ ದಾರಿಯಲ್ಲಿ, ಅಂದರೆ ಮೊದಲು ಅಡುಗೆಮನೆ, ಆಮೇಲೆ ಬಡಿಸುವವರ ಬಾಗಿಲು, ಕೊನೆಗೆ ರಾಜನ ಪೀಠ ಎಂಬ ಕ್ರಮದಲ್ಲಿ ನೋಡಿದರೆ ಖಾಲಿ ಹಾಲ್ ತುಂಬಿಕೊಳ್ಳುತ್ತದೆ. ಈ ಮಾರ್ಗದರ್ಶಿ ಆ ಕ್ರಮವನ್ನೇ ಅನುಸರಿಸುತ್ತದೆ.

ಹೋಗುವ ಮೊದಲು ತಿಳಿದಿರಬೇಕಾದಷ್ಟು

ಇದನ್ನು ಕಟ್ಟಿಸಿದವನು ನಾಲ್ಕನೆಯ ಜೇಮ್ಸ್. 1488ರಿಂದ 1513ರವರೆಗೆ ಸ್ಕಾಟ್ಲೆಂಡ್ ಆಳಿದ ದೊರೆ. ಹಾಲ್ ಪೂರ್ಣಗೊಂಡದ್ದು 1503ರ ಸುಮಾರಿಗೆ. ಅವನು ಇಂಗ್ಲೆಂಡಿನ ಮಾರ್ಗರೆಟ್ ಟ್ಯೂಡರ್‌ಳನ್ನು ಮದುವೆಯಾದ ವರ್ಷವೂ ಅದೇ. ಹಾಲ್‌ನ ಉದ್ದ ಸುಮಾರು 42 ಮೀಟರ್, ಅಗಲ 14 ಮೀಟರಿಗಿಂತ ಸ್ವಲ್ಪ ಹೆಚ್ಚು. ಬೆಂಗಳೂರಿನ ಲೆಕ್ಕದಲ್ಲಿ 30-40 ಸೈಟು ಐದು ಕೂಡಿಸಿದರೂ ಈ ನೆಲ ತುಂಬುವುದಿಲ್ಲ, ನಡುವೆ ಒಂದೇ ಒಂದು ಕಂಬವೂ ಇಲ್ಲ. ಸ್ಕಾಟ್ಲೆಂಡಿನಲ್ಲಿ ಮಧ್ಯಯುಗದಲ್ಲಿ ಕಟ್ಟಿದ ಔತಣಶಾಲೆಗಳಲ್ಲಿ ಇದೇ ಅತ್ಯಂತ ದೊಡ್ಡದು.

18ನೆಯ ಶತಮಾನದ ಕೊನೆಯಲ್ಲಿ ಸೈನ್ಯ ಇದನ್ನು ಬ್ಯಾರಕ್ ಮಾಡಿಕೊಂಡಿತು. ಅಡ್ಡಗೋಡೆ ಎಬ್ಬಿಸಿ, ನಡುವೆ ಮಹಡಿಗಳನ್ನು ಹಾಕಿ, ಹಳೆಯ ಚಾವಣಿಯನ್ನು ಕಿತ್ತುಹಾಕಿದರು. ಸೈನ್ಯ ಕೋಟೆ ಬಿಟ್ಟದ್ದು 1964ರಲ್ಲಿ. ಆಮೇಲೆ ದಶಕಗಳ ಕಾಲ ಅಧ್ಯಯನ ಮತ್ತು ದುರಸ್ತಿ ನಡೆದು, 1999ರ ನವೆಂಬರ್ 30ರಂದು ರಾಣಿ ಎರಡನೆಯ ಎಲಿಜಬೆತ್ ಹಾಲನ್ನು ಮತ್ತೆ ತೆರೆದರು. ಗೋಡೆ ಮಧ್ಯಯುಗದ್ದು, ಚಾವಣಿ 20ನೆಯ ಶತಮಾನದ್ದು ಎಂಬ ಒಂದು ಮಾತು ಮನಸ್ಸಿನಲ್ಲಿದ್ದರೆ ಒಳಗೆ ಅರ್ಧ ಗೊಂದಲ ತಪ್ಪುತ್ತದೆ.

ಹಂತ 1: ದಿನ ಮತ್ತು ಹೊತ್ತು ಗೊತ್ತುಮಾಡಿ

ಕೋಟೆ ಬೆಳಗ್ಗೆ 9:30ಕ್ಕೆ ತೆರೆಯುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ 6ರ ತನಕ, ಉಳಿದ ತಿಂಗಳುಗಳಲ್ಲಿ 5ರ ತನಕ ತೆರೆದಿರುವುದು ವಾಡಿಕೆ. ಕೊನೆಯ ಪ್ರವೇಶ ಮುಚ್ಚುವ ಹೊತ್ತಿಗಿಂತ ಮೊದಲೇ ನಿಲ್ಲುತ್ತದೆ. ಕ್ರಿಸ್‌ಮಸ್ ಮತ್ತು ಅದರ ಮರುದಿನ ರಜೆ. ಕೋಟೆಯನ್ನು ನೋಡಿಕೊಳ್ಳುವ ಸಂಸ್ಥೆ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್. ಹೊರಡುವ ಹಿಂದಿನ ರಾತ್ರಿ ಅದರ ಜಾಲತಾಣವನ್ನು ಒಮ್ಮೆ ತೆರೆದು ನೋಡುವುದನ್ನು ತಪ್ಪಿಸಬೇಡಿ. ಗ್ರೇಟ್ ಹಾಲ್ ಇಂದಿಗೂ ಮದುವೆಗೆ, ಔತಣಕ್ಕೆ ಬಾಡಿಗೆಗೆ ಹೋಗುತ್ತದೆ. ಸಂಜೆಯ ಕಾರ್ಯಕ್ರಮವಿದ್ದರೆ ಮಧ್ಯಾಹ್ನದಿಂದಲೇ ಮೇಜು-ಕುರ್ಚಿ ಜೋಡಿಸಲು ಶುರುಮಾಡಬಹುದು, ಹಾಲ್ ಮಾತ್ರ ಮುಚ್ಚಿರಬಹುದು. ಕೋಟೆ ತೆರೆದಿದೆ ಎಂದರೆ ಹಾಲ್ ತೆರೆದಿದೆ ಎಂದು ಎಣಿಸಬೇಡಿ. ಪ್ರಯಾಣ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲೇ.

ಹೊತ್ತಿನ ವಿಷಯದಲ್ಲಿ ಎರಡು ಲೆಕ್ಕಗಳಿವೆ. ಮೊದಲನೆಯದು ಜನ: ಎಡಿನ್‌ಬರೋದಿಂದ ಹೊರಡುವ ಪ್ರವಾಸಿ ಬಸ್ಸುಗಳು ತಲಪುವ ಹೊತ್ತಿಗೆ ಹಾಲ್ ಮಾತಿನಿಂದ ತುಂಬುತ್ತದೆ. ಕಲ್ಲಿನ ಗೋಡೆ, ಎತ್ತರದ ಚಾವಣಿ, ಖಾಲಿ ನೆಲ ಇರುವುದರಿಂದ ಪ್ರತಿಧ್ವನಿ ಜೋರು. ಎರಡು ಗುಂಪು ಒಟ್ಟಿಗೆ ಬಂದರೆ ಪಕ್ಕದವರ ಮಾತೂ ಕೇಳಿಸದು. ಹಾಗಾಗಿ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಎರಡನೆಯದು ಬೆಳಕು: ಹಾಲ್ ಉತ್ತರ-ದಕ್ಷಿಣವಾಗಿ ಉದ್ದಕ್ಕೆ ಮಲಗಿದೆ, ಕಿಟಕಿಗಳು ಪೂರ್ವ ಪಶ್ಚಿಮಕ್ಕೆ. ಬಿಸಿಲಿದ್ದ ಬೆಳಗ್ಗೆ ಪೂರ್ವದ ಕಿಟಕಿಗಳಿಂದ ಬೆಳಕು ಓರೆಯಾಗಿ ಬಿದ್ದು ಚಾವಣಿಯ ಕೆತ್ತನೆ ಸ್ಪಷ್ಟವಾಗುತ್ತದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿನ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಚಳಿಗಾಲದಲ್ಲಿ ಊಟ ಮುಗಿಸಿ ನಿಧಾನಕ್ಕೆ ಹೋದವರಿಗೆ ಮರದ ತೊಲೆಗಳು ಬರೀ ಕಪ್ಪು ಗೆರೆಗಳಾಗಿ ಕಾಣುತ್ತವೆ.

ಹಂತ 2: ತಲಪುವ ದಾರಿ

ಎಡಿನ್‌ಬರೋ ವೇವರ್ಲಿ ನಿಲ್ದಾಣದಿಂದ ರೈಲಿನಲ್ಲಿ ಸುಮಾರು 50 ನಿಮಿಷ, ಗ್ಲಾಸ್ಗೋ ಕ್ವೀನ್ ಸ್ಟ್ರೀಟ್‌ನಿಂದ ಇನ್ನೂ ಕಡಿಮೆ. ಎಡಿನ್‌ಬರೋ ವಿಮಾನ ನಿಲ್ದಾಣದಿಂದ ನೇರ ಬರುವವರು ಊರೊಳಗೆ ಹೋಗಬೇಕಾಗಿಲ್ಲ: ಟ್ರ್ಯಾಮ್‌ನಲ್ಲಿ ಎಡಿನ್‌ಬರೋ ಪಾರ್ಕ್‌ವರೆಗೆ ಬಂದು ಅಲ್ಲಿ ಸ್ಟರ್ಲಿಂಗ್ ಮೂಲಕ ಹೋಗುವ ಡನ್‌ಬ್ಲೇನ್ ಕಡೆಯ ರೈಲು ಹಿಡಿಯಬಹುದು. ಯುರೋಪ್ ಸುತ್ತುತ್ತ ಬರುವ ಭಾರತೀಯ ಪಾಸ್‌ಪೋರ್ಟಿನವರು ಗಮನಿಸಿ, ಷೆಂಗೆನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ. ಬ್ರಿಟನ್ನಿನ ವೀಸಾ ಬೇರೆಯಾಗಿಯೇ ಬೇಕು.

ಸ್ಟರ್ಲಿಂಗ್ ನಿಲ್ದಾಣದಿಂದ ಕೋಟೆಗೆ ನಡೆದರೆ ಸುಮಾರು 20 ನಿಮಿಷ, ದಾರಿಯುದ್ದಕ್ಕೂ ಏರು. ಮೇಲಿನ ಭಾಗದಲ್ಲಿ ಕಲ್ಲುಹಾಸಿನ ರಸ್ತೆ, ಮಳೆಯಲ್ಲಿ ಜಾರುತ್ತದೆ. ಹಿಡಿತವಿರುವ ಬೂಟು ಹಾಕಿ. ಚಪ್ಪಲಿ, ನುಣುಪು ಅಟ್ಟೆಯ ಶೂ ಬೇಡ. ಕೊಡೆಗಿಂತ ತಲೆಮುಚ್ಚುವ ಮಳೆ ಜಾಕೆಟ್ ಒಳ್ಳೆಯದು, ಕೋಟೆ ನಿಂತಿರುವ ಬಂಡೆಯ ಮೇಲಿನ ಗಾಳಿಗೆ ಕೊಡೆ ಮಗುಚಿಕೊಳ್ಳುತ್ತದೆ. ಹಿರಿಯರು ಜೊತೆಗಿದ್ದರೆ ಟ್ಯಾಕ್ಸಿ ಮಾಡಿ ಕೋಟೆಯ ಮುಂದಿನ ಬಯಲಿನವರೆಗೆ ಬನ್ನಿ. ಗಾಲಿಕುರ್ಚಿಯವರಿಗೆ ಏನೇನು ನೆರವು ಸಿಗುತ್ತದೆ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿಕೊಳ್ಳುವುದು ಕ್ಷೇಮ, ಏಕೆಂದರೆ ಕೋಟೆಯ ಒಳಗೂ ಇಳಿಜಾರು ಮತ್ತು ಉರುಟು ಕಲ್ಲುಗಳಿವೆ.

ನಡೆದು ಬರುವವರಿಗೆ ಒಂದು ಲಾಭವಿದೆ. ದಾರಿಯಲ್ಲಿ ಹೋಲಿ ರೂಡ್ ಚರ್ಚ್ ಸಿಗುತ್ತದೆ. ಆರನೆಯ ಜೇಮ್ಸ್‌ಗೆ 1567ರ ಜುಲೈ 29ರಂದು ಕೂಸಾಗಿದ್ದಾಗಲೇ ಪಟ್ಟ ಕಟ್ಟಿದ್ದು ಈ ಚರ್ಚಿನಲ್ಲಿ. ಅದರ ಮುಖ್ಯ ಸಭಾಂಗಣದ ಮೇಲಿನ ಓಕ್ ಮರದ ಚಾವಣಿ 15ನೆಯ ಶತಮಾನದ್ದು, ಅಸಲಿ. ತೆರೆದಿದ್ದರೆ ಹತ್ತು ನಿಮಿಷ ಒಳಗೆ ಹೋಗಿ ಆ ಮರದ ಬಣ್ಣ, ತೊಲೆಗಳ ಕೂಡಿಕೆ ನೋಡಿಕೊಳ್ಳಿ. ಕೋಟೆಯ ಹೊಸ ಚಾವಣಿಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸಿದ್ಧತೆ ಇಲ್ಲ.

ಹಂತ 3: ಟಿಕೆಟ್

ಅಂತರ್ಜಾಲದಲ್ಲಿ ಮುಂಚೆಯೇ ಕೊಂಡರೆ ಬಾಗಿಲಲ್ಲಿ ಕೊಡುವುದಕ್ಕಿಂತ ಅಗ್ಗ. ಗ್ರೇಟ್ ಹಾಲ್, ಅರಮನೆ, ಚಾಪೆಲ್ (ಪ್ರಾರ್ಥನಾಮಂದಿರ), ಅಡುಗೆಮನೆ ಎಲ್ಲವೂ ಒಂದೇ ಟಿಕೆಟ್‌ನಲ್ಲಿ ಸೇರಿವೆ. ಎಡಿನ್‌ಬರೋ ಕೋಟೆಯನ್ನೂ ನೋಡುವ ಯೋಚನೆ ಇದ್ದರೆ ಹಲವು ತಾಣಗಳಿಗೆ ನಡೆಯುವ, ಅದೇ ಸಂಸ್ಥೆಯ ಎಕ್ಸ್‌ಪ್ಲೋರರ್ ಪಾಸ್ ಲೆಕ್ಕಹಾಕಿ ನೋಡಿ. ಒಟ್ಟು ಮೂರೂವರೆ ಗಂಟೆ ಇಟ್ಟುಕೊಳ್ಳಿ, ಅದರಲ್ಲಿ ಮುಕ್ಕಾಲು ಗಂಟೆ ಹಾಲ್‌ಗೆ ಮೀಸಲು.

ಹಂತ 4: ಮೊದಲು ಹೊರಗಿನಿಂದ

ಕೋಟೆಯೊಳಗೆ ಬಂದೊಡನೆ ಕಣ್ಣಿಗೆ ಹೊಡೆಯುವುದು ಹಾಲ್‌ನ ಹೊರಗೋಡೆಯ ಹಳದಿ. ಸುತ್ತ ಬೂದುಗಲ್ಲಿನ ಕಟ್ಟಡಗಳು, ನಡುವೆ ಇದೊಂದೇ ಹೊನ್ನಿನ ಬಣ್ಣ. ಇದಕ್ಕೆ ಅಲ್ಲಿನವರು ‘ಕಿಂಗ್ಸ್ ಗೋಲ್ಡ್’ ಎನ್ನುತ್ತಾರೆ. ಹಳೆಯ ಸುಣ್ಣದ ಲೇಪದ ಕುರುಹು ಗೋಡೆಯಲ್ಲಿ ಸಿಕ್ಕಿತ್ತು. ಅದನ್ನು ಪರೀಕ್ಷಿಸಿ ಈ ಬಣ್ಣ ಬಳಿದರು. ಬಳಿದಾಗ ಊರಿನ ಹಲವರಿಗೆ ಹಿಡಿಸಲಿಲ್ಲ, ಬೂದುಗಲ್ಲಿನ ಕೋಟೆ ನೋಡಿ ಬೆಳೆದವರಿಗೆ ಅದು ಕೃತಕವಾಗಿ ಕಂಡಿತು. ಆದರೆ ಬೂದುಗಲ್ಲೇ ನಂತರದ ಕಾಲದ ರೂಪ. ಮರಳುಗಲ್ಲಿಗೆ ಸುಣ್ಣದ ಹೊದಿಕೆ ಬೇಕು: ಮಳೆನೀರನ್ನು ತಡೆಯುತ್ತದೆ, ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಕಲ್ಲು ಪುಡಿಯಾಗುತ್ತದೆ. ಬಣ್ಣ ಇಷ್ಟವಾಗಲಿ ಬಿಡಲಿ, ಮೈಲುಗಟ್ಟಲೆ ದೂರದ ಬಯಲಿನಿಂದಲೂ ಎದ್ದು ಕಾಣುವುದು ಇದೊಂದೇ ಕಟ್ಟಡ ಎಂಬುದನ್ನು ಗಮನಿಸಿ. ನಾಲ್ಕನೆಯ ಜೇಮ್ಸ್‌ಗೆ ಬೇಕಾಗಿದ್ದದ್ದೂ ಅದೇ.

ತಲೆಯೆತ್ತಿ ಚಾವಣಿಯ ಅಂಚು ನೋಡಿ. ಹಲ್ಲುಹಲ್ಲಾದ ಕೈಪಿಡಿ ಗೋಡೆಯನ್ನು ದುರಸ್ತಿಯಲ್ಲಿ ಮತ್ತೆ ಕಟ್ಟಿದ್ದಾರೆ, ಮೇಲೆ ಸಿಂಹ ಮತ್ತು ಯೂನಿಕಾರ್ನ್ (ಹಣೆಯಲ್ಲಿ ಒಂದೇ ಕೊಂಬಿರುವ, ಕುದುರೆಯಂಥ ಕಲ್ಪಿತ ಪ್ರಾಣಿ) ಮೂರ್ತಿಗಳಿವೆ. ಎರಡೂ ಸ್ಕಾಟಿಷ್ ರಾಜಲಾಂಛನದ ಪ್ರಾಣಿಗಳು.

ಹಂತ 5: ಅಡುಗೆಮನೆಯಿಂದ ಶುರು

ಈಗ ಹಾಲ್‌ನ ಒಳಗೆ ನುಗ್ಗುವ ಆಸೆಯನ್ನು ಸ್ವಲ್ಪ ತಡೆದು ಉತ್ತರ ದಿಕ್ಕಿಗೆ, ಗ್ರಾಂಡ್ ಬ್ಯಾಟರಿ ಎಂಬ ಫಿರಂಗಿಕಟ್ಟೆಯ ಕೆಳಗಿರುವ ದೊಡ್ಡ ಅಡುಗೆಮನೆಗೆ ಇಳಿಯಿರಿ. ಫಿರಂಗಿಕಟ್ಟೆ ಕಟ್ಟಿದಾಗ ಈ ಕಮಾನುಕೋಣೆಗಳು ಮಣ್ಣಿನಡಿ ಹೂತುಹೋಗಿದ್ದವು, 20ನೆಯ ಶತಮಾನದಲ್ಲಿ ಅಗೆದು ತೆಗೆದರು. ಈಗ ಬಾಣಸಿಗರು, ಆಳುಗಳು, ಮಾಂಸ, ರೊಟ್ಟಿ, ಮೀನುಗಳ ಪೂರ್ಣಗಾತ್ರದ ಮಾದರಿಗಳನ್ನಿಟ್ಟು ಔತಣದ ತಯಾರಿ ತೋರಿಸಿದ್ದಾರೆ. ಮಕ್ಕಳಿಗೆ ಕೋಟೆಯಲ್ಲೇ ಬಹಳ ಹಿಡಿಸುವ ಜಾಗ ಇದು.

ಇಲ್ಲಿ ನೋಡಬೇಕಾದ್ದು ಮೂರು. ಒಂದು, ಒಲೆಗಳ ಗಾತ್ರ ಮತ್ತು ಹೊಗೆ ಹೋಗುವ ದಾರಿ. ಎರಡು, ಕೋಣೆಗಳ ಹಂಚಿಕೆ: ಬೇಯಿಸುವಲ್ಲಿಂದ ಬಡಿಸಲು ಕೊಂಡೊಯ್ಯುವ ಕಡೆಗೆ ಕೆಲಸ ಹೇಗೆ ಸಾಗುತ್ತಿತ್ತು ಎಂಬುದು. ಮೂರು, ದೂರ. ಅಡುಗೆಮನೆಯ ಬಾಗಿಲಿನಿಂದ ಹಾಲ್‌ವರೆಗೆ ಹೆಜ್ಜೆ ಎಣಿಸುತ್ತ ಬನ್ನಿ, ಆಮೇಲೆ ಹಾಲ್‌ನ ಒಳಗಿನ 42 ಮೀಟರನ್ನೂ ಅದಕ್ಕೆ ಸೇರಿಸಿ. ರಾಜನ ತಟ್ಟೆಗೆ ಬಿಸಿ ಮಾಂಸ ತಲಪಬೇಕಾದರೆ ಇಷ್ಟು ದೂರ ಸಾಗಬೇಕಿತ್ತು. ಬೆಂಕಿಯ ಭಯಕ್ಕೆ ಅಡುಗೆಮನೆಯನ್ನು ದೂರ ಇಟ್ಟರೆ ಊಟ ಆರುತ್ತದೆ, ಹತ್ತಿರ ಇಟ್ಟರೆ ಹೊಗೆ ಮತ್ತು ಕಿಡಿ. ಮಧ್ಯಯುಗದ ಪ್ರತಿ ಅರಮನೆಯೂ ಈ ಎರಡರ ನಡುವೆ ಒಂದು ರಾಜಿ ಮಾಡಿಕೊಂಡಿದೆ.

ಹಂತ 6: ಹಾಲ್‌ನ ಕೆಳತುದಿ

ಹಾಲ್‌ನ ಉತ್ತರ ತುದಿ ಬಡಿಸುವವರದು. ಬಾಗಿಲಿನ ಚಳಿಗಾಳಿ, ಓಡಾಟ, ಪಾತ್ರೆಗಳ ಸದ್ದು ಅತಿಥಿಗಳಿಗೆ ತಾಗದಂತೆ ಇಂಥ ಹಾಲ್‌ಗಳಲ್ಲಿ ಮರದ ಅಡ್ಡತೆರೆ ಇರುತ್ತಿತ್ತು. ಅಡ್ಡತೆರೆಯ ಮೇಲಿನ ಅಟ್ಟ ವಾದ್ಯಗಾರರದು. ತುತ್ತೂರಿಯವರಿಗೂ ಇಲ್ಲಿ ಬೇರೆ ಮಾಳಿಗೆ ಇದೆ. ಪ್ರತಿ ಸುತ್ತಿನ ಬಡಿಸುವಿಕೆಗೂ ಮುನ್ನ ತುತ್ತೂರಿ ಮೊಳಗುವುದು ರಾಜಮನೆತನದ ಔತಣಗಳ ಕ್ರಮ. ಈ ತುದಿಯಲ್ಲಿ ನಿಂತು ಎದುರು ತುದಿಯನ್ನು ನೋಡಿ. ಕೆಳಗಿನ ಮೇಜಿನಲ್ಲಿ ಕೂತವನಿಗೆ ರಾಜ ಎಷ್ಟು ಚಿಕ್ಕವನಾಗಿ, ಎಷ್ಟು ಬೆಳಕಿನಲ್ಲಿ ಕಾಣುತ್ತಿದ್ದ ಎಂಬುದು ಇಲ್ಲಿಂದ ಮಾತ್ರ ತಿಳಿಯುತ್ತದೆ. ಹೆಚ್ಚಿನವರು ನೇರ ಸಿಂಹಾಸನದ ಕಡೆ ನಡೆದುಬಿಡುವುದರಿಂದ ಈ ನೋಟ ತಪ್ಪಿಹೋಗುತ್ತದೆ.

ಹಂತ 7: ಚಾವಣಿಯನ್ನು ಓದುವುದು

ಹಾಲ್‌ನ ನಡುಮಧ್ಯಕ್ಕೆ ಬಂದು ಗೋಡೆಗೆ ಒರಗಿ ನಿಲ್ಲಿ. ತಲೆಯೆತ್ತಿಯೇ ನಡೆದರೆ ಇನ್ನೊಬ್ಬರಿಗೆ ಡಿಕ್ಕಿ ಖಂಡಿತ.

14 ಮೀಟರಿಗೂ ಮೀರಿದ ಅಗಲಕ್ಕೆ ಗೋಡೆಯಿಂದ ಗೋಡೆಗೆ ಹಾಯುವಷ್ಟು ಉದ್ದದ, ಭಾರ ಹೊತ್ತೂ ಬಾಗದ ಒಂದೇ ತೊಲೆ ಸಿಗುವುದು ಬಹಳ ಕಷ್ಟ. ಅದಕ್ಕೆ ಬಡಗಿಗಳು ಕಂಡುಕೊಂಡ ದಾರಿ ಹ್ಯಾಮರ್‌ಬೀಮ್. ಎರಡೂ ಗೋಡೆಗಳಿಂದ ಗಿಡ್ಡ ತೊಲೆಗಳು ಒಳಗೆ ಚಾಚುತ್ತವೆ, ನಡುವಿನಲ್ಲಿ ಅವು ಕೂಡುವುದಿಲ್ಲ. ಚಾಚಿದ ತುದಿಯ ಮೇಲೆ ನೆಟ್ಟ ಕಂಬ ಮೇಲಿನ ಇಳಿಜಾರಿನ ಭಾರ ಹೊರುತ್ತದೆ; ಕೆಳಗಿನಿಂದ ಬಾಗಿದ ಆನಿಕೆ ಆ ಭಾರವನ್ನು ಗೋಡೆಯ ಕೆಳಭಾಗಕ್ಕೆ ಇಳಿಸುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಭಾರ ಹೊರಗೆ ಸರಿಯುತ್ತದೆ, ನಡು ಖಾಲಿ ಉಳಿಯುತ್ತದೆ. ಒಂದೇ ಒಂದು ಜೋಡಿಯನ್ನು ಆರಿಸಿಕೊಂಡು ಕಣ್ಣಿನಲ್ಲೇ ಮೇಲಿನಿಂದ ಗೋಡೆಯವರೆಗೆ ಭಾರದ ದಾರಿ ಹಿಡಿದು ಇಳಿಯಿರಿ. ಒಂದು ಅರ್ಥವಾದರೆ ಉಳಿದವೆಲ್ಲ ಅದರ ಪುನರಾವರ್ತನೆ.

ಗೋಡೆಗಳು ಅಷ್ಟು ದಪ್ಪ ಇರುವುದಕ್ಕೂ ಇದೇ ಕಾರಣ. ಹ್ಯಾಮರ್‌ಬೀಮ್ ಚಾವಣಿ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಗೋಡೆ ತೆಳುವಾಗಿದ್ದರೆ ಕಾಲಕ್ರಮದಲ್ಲಿ ಹೊರಕ್ಕೆ ಬಾಗುತ್ತದೆ, ತೊಲೆಗಳ ಕೂಡಿಕೆ ಬಿಚ್ಚಿಕೊಳ್ಳುತ್ತದೆ.

ಈಗಿನ ಚಾವಣಿಗೆ ಸುಮಾರು 350 ಓಕ್ ಮರಗಳು ಬೇಕಾದವು. ಅಸಲಿ ಚಾವಣಿ 1800ರ ಹೊತ್ತಿಗೇ ಹೋಗಿತ್ತು, ಉಳಿದ ಪುರಾವೆಯ ಆಧಾರದ ಮೇಲೆ ಇದನ್ನು ರೂಪಿಸಿದರು. ಹೊಸದೆಂದು ಮುಖ ಸಿಂಡರಿಸುವವರಿದ್ದಾರೆ. ಚಾವಣಿ ಇಲ್ಲದೆ ಬರೀ ಗೋಡೆ ಉಳಿಸಿಕೊಂಡಿದ್ದರೆ ಈ ಹಾಲ್‌ನ ಶಬ್ದ, ಬೆಳಕು, ಪ್ರಮಾಣ ಯಾವುದೂ ನಮಗೆ ದಕ್ಕುತ್ತಿರಲಿಲ್ಲ. ಇಲ್ಲಿ ಮರುನಿರ್ಮಾಣವೇ ಸರಿಯಾದ ಆಯ್ಕೆ.

ನಡುವೆ ಇರುವಾಗಲೇ ಬೆಂಕಿಗೂಡುಗಳನ್ನು ಎಣಿಸಿ: ಐದು. ಅಷ್ಟೂ ಉರಿದರೂ ಇಷ್ಟು ಎತ್ತರದ ಹಾಲ್‌ನಲ್ಲಿ ಬಿಸಿಗಾಳಿ ಚಾವಣಿಗೆ ಏರುತ್ತದೆ, ಕೂತವರ ಕಾಲು ತಣ್ಣಗೇ ಇರುತ್ತದೆ. ನೀವೂ ಜಾಕೆಟ್ ಬಿಚ್ಚದೆ ಇರುವುದು ಒಳ್ಳೆಯದು. ಬೇಸಿಗೆಯಲ್ಲೂ ಒಳಗೆ ಚಳಿ.

ಹಂತ 8: ರಾಜಪೀಠ

ದಕ್ಷಿಣ ತುದಿಯಲ್ಲಿ ಎತ್ತರದ ಜಗಲಿ. ರಾಜ-ರಾಣಿ ಮತ್ತು ಮುಖ್ಯ ಅತಿಥಿಗಳು ಹಾಲ್ ಕಡೆಗೆ ಮುಖಮಾಡಿ ಕೂರುತ್ತಿದ್ದ ಜಾಗ. ಈಗಿನ ಸಿಂಹಾಸನಗಳು ಪ್ರತಿರೂಪ. ಫೋಟೋ ತೆಗೆಯುವುದು ಮುಗಿದ ಮೇಲೆ ಜಗಲಿಯ ಎರಡೂ ಬದಿಗೆ ನೋಡಿ: ನೆಲದಿಂದ ಮೇಲಕ್ಕೆ ಎದ್ದಿರುವ, ಗೋಡೆಯಿಂದ ಹೊರಚಾಚಿದ ದೊಡ್ಡ ಕಿಟಕಿಗಳು. ಹಾಲ್‌ನ ಉಳಿದ ಕಿಟಕಿಗಳು ತಲೆಯ ಮೇಲೆ ಎತ್ತರದಲ್ಲಿವೆ, ಇವೆರಡು ಮಾತ್ರ ಕೆಳಗಿನವರೆಗೆ ಇಳಿದಿವೆ. ಗಾಜು ಬಹಳ ದುಬಾರಿಯಾಗಿದ್ದ ಕಾಲದಲ್ಲಿ ಎಲ್ಲ ಬೆಳಕನ್ನೂ ಒಬ್ಬನ ಮೇಲೆ ಬೀಳಿಸುವ ಏರ್ಪಾಡು ಇದು. ಇಂಗ್ಲೆಂಡಿನ ಎಲ್ಥಮ್ ಅರಮನೆಯ ಹಾಲ್‌ನಲ್ಲೂ ಇದೇ ಜೋಡಣೆ ಕಾಣುತ್ತದೆ.

ರಾಜ ಬರುತ್ತಿದ್ದ ದಾರಿಯೂ ಈ ತುದಿಯಲ್ಲೇ. ಜಗಲಿಯ ಕಡೆಯಿಂದ ಅರಮನೆಗೆ ಒಂದು ಸೇತುವೆ ಇದೆ. ಊಟ ಉತ್ತರದ ಬಾಗಿಲಿನಿಂದ, ದೊರೆ ದಕ್ಷಿಣದಿಂದ. ಎರಡೂ ಸಂಧಿಸುವುದು ಮೇಜಿನ ಮೇಲೆ ಮಾತ್ರ.

ಈಗ 1594ರ ಆಗಸ್ಟ್ 30ನ್ನು ಇಲ್ಲಿಗೆ ತನ್ನಿ. ಆರನೆಯ ಜೇಮ್ಸ್ ತನ್ನ ಮಗ ಹೆನ್ರಿಯ ನಾಮಕರಣದ ಔತಣ ಇಟ್ಟುಕೊಂಡಿದ್ದ. ಮೊದಲು ಸಿಹಿತಿಂಡಿ ಹೊತ್ತ ರಥ ಬಂತು. ಅದನ್ನು ಎಳೆಯಲು ಸಿಂಹವನ್ನು ಕಟ್ಟುವ ಯೋಜನೆಯಿತ್ತಂತೆ. ಪಂಜಿನ ಬೆಳಕಿಗೆ ಸಿಂಹ ಕೆರಳೀತೆಂದು ಕೈಬಿಟ್ಟು, ಒಬ್ಬ ಕಪ್ಪು ವರ್ಣದ ಆಳಿನಿಂದ ಎಳೆಸಿದರು. ಆಮೇಲೆ ಮೀನಿನ ಸರದಿಗೆ ಹಡಗೇ ಒಳಬಂತು: ತಳ 18 ಅಡಿ ಉದ್ದ, 8 ಅಡಿ ಅಗಲ, ಮೇಲಿನ ಬಾವುಟದವರೆಗೆ 40 ಅಡಿ, ಜೊತೆಗೆ ಗುಂಡು ಹಾರಿಸುವ 36 ಹಿತ್ತಾಳೆ ಫಿರಂಗಿಗಳು. ಅದರಿಂದ ಇಳಿಸಿದ ಮೀನು, ಸಿಂಪಿಗಳಲ್ಲಿ ಸಕ್ಕರೆಯಲ್ಲಿ ಅಚ್ಚುಹಾಕಿದವೂ ಇದ್ದವು. ರಾಣಿ ಆನ್‌ಳನ್ನು ಕರೆತರಲು ಜೇಮ್ಸ್ ತಾನೇ ಸಮುದ್ರ ದಾಟಿ ಹೋಗಿದ್ದ, ಹಡಗು ಆ ಯಾನದ ನೆನಪು. ಜಗಲಿಯ ಮುಂದೆ ಐದೂವರೆ ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಹೆಜ್ಜೆಯಲ್ಲಿ ಅಳೆದು, ಆಮೇಲೆ 12 ಮೀಟರ್ ಮೇಲಕ್ಕೆ ಕಣ್ಣು ಹಾಯಿಸಿ. ಹಾಲ್‌ನ ಎತ್ತರ ಎಂಥದ್ದು ಎಂದು ಮೈಗೆ ತಿಳಿಯುವುದು ಆಗಲೇ. ಮಕ್ಕಳಿದ್ದರೆ ಅವರನ್ನೇ ಹಡಗಿನ ನಾಲ್ಕು ಮೂಲೆಗೆ ನಿಲ್ಲಿಸಿ.

ಇದಕ್ಕೆ 28 ವರ್ಷ ಮೊದಲು, 1566ರ ಡಿಸೆಂಬರ್‌ನಲ್ಲಿ ಅದೇ ಜೇಮ್ಸ್‌ನ ನಾಮಕರಣದ ಔತಣದಲ್ಲಿ ತಾಯಿ ಮೇರಿ ರಾಣಿ ಊಟವನ್ನು ಚಲಿಸುವ ಯಂತ್ರದ ಮೇಲೆ ತರಿಸಿದ್ದಳು. ಆ ಯಂತ್ರದ ಮುಂದೆ ನಡೆದವರು ಬಾಲ ಕಟ್ಟಿಕೊಂಡ ವೇಷಧಾರಿಗಳು. ಅವರು ಬಾಲ ಅಲ್ಲಾಡಿಸಿದ್ದು ತಮ್ಮನ್ನು ಅಣಕಿಸಲೆಂದು ಇಂಗ್ಲಿಷ್ ಅತಿಥಿಗಳು ತಿಳಿದು ಕೆರಳಿದರು. ರಾಣಿಯೇ ಸಮಾಧಾನ ಮಾಡಬೇಕಾಯಿತು. ಔತಣ ಇಲ್ಲಿ ರಾಜಕೀಯದ ಭಾಷೆ. ಯಾರಿಗೆ ಎಲ್ಲಿ ಎಲೆ ಹಾಕಿದರು, ಯಾವುದನ್ನು ಮೊದಲು ಬಡಿಸಿದರು ಎಂಬುದರಲ್ಲಿ ಎಲ್ಲವೂ ಇರುತ್ತಿತ್ತು.

ಹಂತ 9: ಉಳಿದದ್ದು

ಹಾಲ್‌ನಿಂದ ಅರಮನೆಗೆ ಹೋಗಿ. ಐದನೆಯ ಜೇಮ್ಸ್ 1538ರ ನಂತರ ಕಟ್ಟಿಸಿದ್ದು. ರಾಣಿಯ ಕೋಣೆಯಲ್ಲಿ ಯೂನಿಕಾರ್ನ್ ಬೇಟೆಯ ಏಳು ನೆಯ್ದ ಪರದೆಗಳಿವೆ. 2001ರಲ್ಲಿ ನೇಯ್ಗೆ ಶುರುವಾಗಿ ಮುಗಿಯಲು ಹತ್ತಿರ ಹತ್ತಿರ ಹದಿನಾಲ್ಕು ವರ್ಷ ಹಿಡಿಯಿತು. ಔತಣದ ದಿನ ಗ್ರೇಟ್ ಹಾಲ್‌ನ ಬೋಳು ಗೋಡೆಗೂ ಇಂಥ ಪರದೆ ಇಳಿಬಿಡುತ್ತಿದ್ದರು ಎಂಬುದನ್ನು ನೆನಪಿಟ್ಟು ನೋಡಿ. ಆಗ ಚಳಿ, ಪ್ರತಿಧ್ವನಿ ಎರಡೂ ತಗ್ಗುತ್ತಿದ್ದವು. ಸುಮಾರು ಒಂದು ಮೀಟರ್ ಅಗಲದ ‘ಸ್ಟರ್ಲಿಂಗ್ ಹೆಡ್ಸ್’ ಎಂಬ ಓಕ್ ಮರದ ಕೆತ್ತನೆಗಳಿಗೂ ಸಮಯ ಉಳಿಸಿಕೊಳ್ಳಿ. ಒಳ ಅಂಗಳದಲ್ಲಿ ಹಾಲ್‌ಗೆ ಹೊಂದಿಕೊಂಡಂತೆ ಇರುವ ಚಾಪೆಲ್ ರಾಯಲ್ ಹೆನ್ರಿಯ ನಾಮಕರಣಕ್ಕೆಂದೇ 1594ರಲ್ಲಿ ಎದ್ದ ಕಟ್ಟಡ, ಹತ್ತು ನಿಮಿಷ ಸಾಕು. ಸಿಬ್ಬಂದಿ ನಡೆಸುವ ಉಚಿತ ಪರಿಚಯ ನಡಿಗೆ ಇದ್ದರೆ ಹಾಲ್ ಅನ್ನು ನೀವೇ ಒಮ್ಮೆ ನೋಡಿದ ಮೇಲೆ ಸೇರಿಕೊಳ್ಳಿ. ಆಗ ಕೇಳಲು ನಿಮ್ಮಲ್ಲಿ ಪ್ರಶ್ನೆಗಳಿರುತ್ತವೆ.

ಮಧ್ಯಾಹ್ನ ಇನ್ನೂ ಬೆಳಕಿದ್ದರೆ, ಎಡಿನ್‌ಬರೋಗೆ ಹಿಂತಿರುಗುವ ರೈಲಿನಲ್ಲೇ ಲಿನ್‌ಲಿತ್‌ಗೋ ಸಿಗುತ್ತದೆ. ಅಲ್ಲಿನ ಅರಮನೆ 1746ರಲ್ಲಿ ಸುಟ್ಟುಹೋಯಿತು, ಅದರ ಗ್ರೇಟ್ ಹಾಲ್ ಇಂದಿಗೂ ಆಕಾಶಕ್ಕೆ ತೆರೆದುಕೊಂಡಿದೆ, ಜಗಲಿಯ ಹಿಂದೆ ಮೂರು ಬಾಯಿಯ ಭಾರೀ ಬೆಂಕಿಗೂಡು ಉಳಿದಿದೆ. ಕಲ್ಲಿನ ತಪಾಸಣೆಗಾಗಿ ಕೆಲವು ಭಾಗ ಮುಚ್ಚುವುದುಂಟು, ಇಳಿಯುವ ಮೊದಲು ಫೋನಿನಲ್ಲಿ ನೋಡಿಕೊಳ್ಳಿ. ಇಳಿದರೆ ನಿಲ್ದಾಣದಿಂದ ಅರಮನೆ ಕೆಲವೇ ನಿಮಿಷದ ನಡಿಗೆ.